ಒಂದಕ್ಷರದ ಅಪ್ಪಣೆ

ಮದ್ದೂರಲ್ಲಿ ಬಸ್ಸು ಹತ್ತಿದ ತುಂಬು ಬಸುರಿಯೊಬ್ಬಳು ನನ್ನ ಪಕ್ಕ ಕೂತು, ಫೋನಲ್ಲಿ ಯಾವನಿಗೋ ರೇಗುತ್ತಿದ್ದಳು: "ನಾನು ತವರಿಗೆ ಹೋಗ್ತಿದ್ದಂಗೇ ಅವಳು ಬರ್ತಾಳೆ ಅಂತ ನನಗೂ ಗೊತ್ತು ಕಣೋ!" ನನ್ನ ಕಿವಿ ನೆಟ್ಟಗಾಯ್ತು. ಮಳವಳ್ಳಿವರೆಗೂ ಹೊತ್ತು ಹೋಗುತ್ತಲ್ಲ!

"ಯಾರವ್ವಾ ಅವ್ಳು?" ಅಂದೆ.

"ಆಫೀಸಲ್ಲಿ ನನ್ನ ಜಾಗಕ್ಕೆ ಬರೋ ಹೊಸ ಹುಡುಗಿ, ಅಜ್ಜಿ."

ನನಗೆ ನಿರಾಸೆ. ಕಂಪ್ಯೂಟರಿಗೆ ಕೆಲಸ ಹೇಳೋ ಭಾಷೇಲಿ ಮೊದಲೇ ಒಂದಷ್ಟು ಅಪ್ಪಣೆಗಳಿರ್ತವಂತೆ. ಅವುಗಳ ಜೊತೆ ಇವಳು ತನ್ನವೂ ಸೇರಿಸಿ, ಒಂದೊಂದಕ್ಕೂ ಒಂದೇ ಅಕ್ಷರದ ಹೆಸರಿಟ್ಟಿದ್ದಾಳೆ. ಇವಳಿಗೆ ಬರೆಯೋದು ಬೇಗ. ಓದೋ ಹೊಸಬಳಿಗೆ ತಲೆಬುಡ ಗೊತ್ತಾಗಲ್ಲ. ತಪ್ಪಾದ್ರೆ ಅವಳ ಕೆಲಸಕ್ಕೇ ಕುತ್ತು. ಹೆಸರು ಬದಲಿಸಬೇಕಾ ಅಂತ ಇವಳಿಗೆ ಅನುಮಾನ; ಫೋನಿನಲ್ಲಿದ್ದ ಜೊತೆ ಕೆಲಸದವನು ಮಾತ್ರ ಚಿಕ್ಕದೇ ಚೆಂದ ಅಂತಾನಂತೆ.

"ನಮ್ಮ ಆಲೆಮನೇಲೂ ಇಂಗೇ ಕಣವ್ವ," ಅಂದೆ. "ಬೆಲ್ಲದ ಪಾಕ ನೋಡೋನು 'ಹ್ಞೂಂ' ಅಂದ್ರೆ ಬೆಂಕಿ ತಗ್ಸಿ ಕೊಪ್ಪರಿಗೆ ಇಳಿಸ್ಬೇಕು. ಹೊಸದಾಗಿ ಬಂದೋಳು ಒಲೆಗೆ ಇನ್ನಷ್ಟು ಕಬ್ಬಿನ ಸಿಪ್ಪೆ ತುಂಬುದ್ಲು. ಬೆಲ್ಲ ಸೀದೋಯ್ತು. ಬೈಸ್ಕೊಂಡು ಅತ್ತೋಳು ಅವ್ಳು, ಬಾಯಿ ಬುಟ್ಟು ಏಳ್ದೆ ಇದ್ದೋನಲ್ಲ."

ಅದನ್ನು ಕೇಳಿದ್ದೇ ಬಸುರಿ ಹುಡುಗಿ ಲ್ಯಾಪ್‌ಟಾಪ್ ತೆಗೆದು ಒಂದೊಂದೇ ಹೆಸರು ಉದ್ದ ಮಾಡತೊಡಗಿದಳು. ಒಂದನ್ನು ಮಾತ್ರ ಬಿಟ್ಟಳು. "ಇದು ಸಾಲುಸಾಲಿಗೂ ಬರ್ತದೆ ಅಜ್ಜಿ, ಉದ್ದ ಮಾಡಿದ್ರೆ ಅವಳಿಗೇ ಓದೋಕೆ ಕಷ್ಟ. ಪಕ್ಕದಲ್ಲಿ ಅರ್ಥ ಬರೀತೀನಿ." ಬರೆದು ಮುಗಿಸಿ, ಸುಸ್ತಾಗಿ ನನ್ನ ಹೆಗಲಿಗೊರಗಿ ನಿದ್ದೆ ಹೋದಳು. ಲ್ಯಾಪ್‌ಟಾಪ್ ಜಾರದಂತೆ ನಾನೇ ಹಿಡಿದು ಕೂತೆ.

ಊರಿಗೆ ಬಂದು ಜಗಲಿ ಮೇಲೆ ಕೂತ ಹೆಂಗಸರಿಗೆ ಈ ಕತೆ ಪೂರ್ತಿ ಹೇಳಿದೆ. ಫೋನಿನ ಜಗಳ ಗಂಡನ ಜೊತೆಗಲ್ಲ ಅಂತ ಗೊತ್ತಾದ ಮೇಲೆ ಒಬ್ಬಳೂ ಕೇಳಲಿಲ್ಲ.