ಗಿರಿಜಾಬಾಯಿಯ ಗೆಲಾಕ್ಸಿ

ಹುಮನಾಬಾದಿನಿಂದ ಮದುವೆಯಾಗಿ ಹೈದರಾಬಾದಿಗೆ ಬಂದ ಗಿರಿಜಾಬಾಯಿಯ ಓದು ಏಳನೇ ಇಯತ್ತೆಗೆ ನಿಂತಿತ್ತು. ಬೇಗಂ ಬಜಾರಿನಲ್ಲಿ ಗಂಡ ಅಮೃತಪ್ಪನದು ಹಿತ್ತಾಳೆ ಸಾಮಾನಿನ ಅಂಗಡಿ. ಅವನು ಊಟಕ್ಕೆ ಹೋದಾಗ ಇವಳು ಗಲ್ಲೆಯ ಮೇಲೆ, ಹಣದ ಪೆಟ್ಟಿಗೆಯ ಮುಂದೆ ಕೂತು ತೂಕಡಿಸುತ್ತಿದ್ದಳು.

ಆ ತೂಕಡಿಕೆ ಬಿಡಿಸಿದವಳು ಮಗಳು ಸೌಂದರ್ಯಾ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ರೇಡಿಯೊ ದುರ್ಬೀನು ತೆಗೆದ ಚಿತ್ರಗಳಲ್ಲಿ ಹೊಸತನ್ನು ಹುಡುಕುವ ಹವ್ಯಾಸಿಗಳ ಗುಂಪಿಗೆ ಅವ್ವನನ್ನೂ ಸೇರಿಸಿ, ಫೋನಿನಲ್ಲೊಂದು ಚಿತ್ರ ತೋರಿಸಿದಳು. ನಡುವೆ ಮೊಟ್ಟೆಯಾಕಾರದ ಮಸುಕು ಗೆಲಾಕ್ಸಿ, ಎರಡೂ ಬದಿಗೆ ಚಿಮ್ಮಿದ ಭಾರೀ ಕಾರಂಜಿ.

“ಇದರ ಹೊಟ್ಟ್ಯಾಗ ಕಪ್ಪುಕುಳಿ ಐತವ್ವ. ಕೋಟಿಗಟ್ಟಲೆ ಸೂರ್ಯರಷ್ಟು ತೂಕ.”

“ಅದು ಎಲ್ಲಾ ನುಂಗತೈತಿ ಅಂತಾರಲ್ಲ? ಮತ್ಯಾಕ ಉಗುಳಾಕತ್ತೈತಿ?”

“ಒಳಗ ಬೀಳೂಕಿಂತ ಮೊದಲ ಸುತ್ತ ಗರಗರ ತಿರುಗಿ, ಒಂದಿಷ್ಟು ಹೊರಗ ಸಿಡೀತೈತಿ.”

“ಕೂಸಿದ್ದಾಗ ನಿನ್ನ ತಮ್ಮಗ ಗಂಜಿ ಕುಡಿಸಿದಂಗಾತು ನೋಡು!” ಗಿರಿಜಾಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಲ್ಲಿಂದ ಹುಚ್ಚು ಹತ್ತಿತು. ಮೊದಲು ಸಿಕ್ಕಿದ್ದನ್ನು ಸಂಭ್ರಮದಿಂದ ಗುಂಪಿಗೆ ಹಾಕಿದರೆ, ಅದು ಎಂದೋ ಗೊತ್ತಿದ್ದ ಗೆಲಾಕ್ಸಿ. “ಇರಲಿ ಬಿಡ್ರಿ, ನನಗ ಹೊಸದಲ್ಲ?” ಎಂದು ಮತ್ತೆ ಹುಡುಕಿದಳು.

ಶ್ರಾವಣದ ಒಂದು ಮಧ್ಯಾಹ್ನ ಚಿತ್ರವೊಂದರಲ್ಲಿ ಎರಡು ಮಸುಕು ಕಲೆ ಕಂಡವು, ದೂರ ದೂರ. ಎರಡಕ್ಕೂ ಸಂಬಂಧವಿರಬಹುದೇ? ನಟ್ಟನಡುವೆ ಹಿಗ್ಗಿಸಿ ನೋಡಿದಳು. ಕೆಂಪುಛಾಯೆಯ ಪುಟ್ಟ ಗೆಲಾಕ್ಸಿಯೊಂದು ಕೂತಿತ್ತು. ಗುಂಪಿನ ಮಾರ್ಗದರ್ಶಿ ನಿರೀಕ್ಷಾಗೆ ಕಳಿಸಿದಳು. ಖಾತ್ರಿಯಾಗಲು ತಿಂಗಳುಗಳೇ ಹಿಡಿದವು. ಸಂಕ್ರಾಂತಿ ಮುಗಿದ ಮೇಲೆ, ಅಂಗಡಿಯಲ್ಲಿದ್ದಾಗ ಅವಳ ಫೋನು ಬಂತು.

“ಅಮ್ಮಾರ, ಎರಡೂ ಅದೇ ಗೆಲಾಕ್ಸಿಯ ಕಾರಂಜಿ! ಇಲ್ಲೀತನಕ ಯಾರೂ ಗುರುತಿಸಿರಲಿಲ್ಲರಿ.”

ಗಿರಿಜಾಬಾಯಿ ಚಿತ್ರ ತೆರೆದು ಗಂಡನ ಮುಂದೆ ಹಿಡಿದಳು. ಪಕ್ಕದಲ್ಲಿದ್ದ ಅಮೃತಪ್ಪ ಫೋನು ಕಸಿದುಕೊಂಡವನೇ ಬೀದಿಗಿಳಿದು, ಸಾಲಂಗಡಿಯವರಿಗೆಲ್ಲ ಚಿತ್ರ ತೋರಿಸುತ್ತ ಹೊರಟ. ಎದುರಂಗಡಿಯ ರೋಹಿತ ಕೇಳಿದ, “ಕಾಕಾ, ಎಷ್ಟು ದೂರ ಐತಿ?”

“ಭಾಳ ದೂರಪ್ಪ. ಬೆಳಕಿಗೇ ಇಲ್ಲಿ ಮುಟ್ಟಾಕ ಕೋಟಿಗಟ್ಟಲೆ ವರ್ಷ ಬೇಕಂತ. ನಿಮ್ಮ ಕಾಕು ಇಲ್ಲೇ ಕುಂತು ಹಿಡದಾಳ!”

ಸಂಜೆಯೊಳಗೆ ಇಡೀ ಗಲ್ಲಿಗೆ ಜಿಲೇಬಿ ಹಂಚಿಯಾಗಿತ್ತು.

ಮುಂದಿನ ವಾರ ಮಗಳ ಕಾಲೇಜಿನವರು ಮಾತಾಡಲು ಕರೆದರು. ಇಳಕಲ್ ಸೀರೆಯುಟ್ಟು ವೇದಿಕೆ ಹತ್ತಿದಳು. ತೆಲುಗು, ಹಿಂದಿ ಕಲಸಿ ನಾಲ್ಕು ಮಾತಾಡಿದಳು. ಹುಡುಗಿಯರು ಚಪ್ಪಾಳೆ ತಟ್ಟಿದರು, ಇವಳು ಇಳಿದಳು. ಮೆಟ್ಟಿಲ ಹತ್ತಿರ ಏನೋ ನೆನಪಾಗಿ ತಿರುಗಿ ಹೋಗಿ ಮೈಕು ಹಿಡಿದಳು. ಮತ್ತೆ ಅರ್ಧ ಗಂಟೆ ಬಿಡಲಿಲ್ಲ.