ಟಿವಿಯ ಕೆಳಗಂಚಿಗೆ ಅಂಟಿಸಿದ ಕಾಗದ

ಹಳೆಯ ಟಿವಿಯನ್ನು ಕೆಳಗಿನ ಮಹಡಿಯ ತಮಿಳು ಅಕ್ಕನಿಗೆ ಕೊಡುವುದೆಂದು ತೀರ್ಮಾನವಾದ ಮೇಲೆ ಅದನ್ನು ಒರೆಸಲು ಕೂತೆ. ಪರದೆಯ ಕೆಳಗಿನ ಎರಡೂ ಮೂಲೆಗಳಲ್ಲಿ ಟೇಪಿನ ಅಂಟು ಉಳಿದಿತ್ತು. ಒದ್ದೆ ಬಟ್ಟೆಗೆ ಹೋಗಲಿಲ್ಲ. ಉಗುರಿನಿಂದ ಕೆರೆದರೆ ಕಪ್ಪಗೆ ಸುರುಳಿಯಾಗಿ ಬಂತು. ಯಾಕೋ ಮೂಗಿನ ಹತ್ತಿರ ಹಿಡಿದೆ... ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನದ ವಾಸನೆ ಬಂದ ಹಾಗಾಯಿತು. ಬಂದಿರಲಾರದು. ಇಷ್ಟು ಕಾಲದ ಮೇಲೆ ಅಂಟಿನಲ್ಲಿ ಅನ್ನದ ವಾಸನೆ ಎಲ್ಲಿಂದ ಉಳಿಯಬೇಕು? ನೆನಪಿಗೆ ಬೇಕಾಗಿತ್ತು, ಅದು ತಾನೇ ತಯಾರಿಸಿಕೊಂಡಿತು. ಮುಂದೆ ಬರೆಯುವುದನ್ನೂ ಅಷ್ಟೇ ಅನುಮಾನದಿಂದ ಓದಬೇಕೆಂದು ಮೊದಲೇ ಹೇಳಿಬಿಡುತ್ತೇನೆ.

ಮಲೇಷ್ಯಾದ ಸೈಬರ್‌ಜಯಾದ ಈ ಕಟ್ಟಡದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಡಾಕ್ಟರ್ ಇದ್ದರು. ಮೂಳೆಯ ವೈದ್ಯರು, ಪುತ್ರಜಯಾದ ಆಸ್ಪತ್ರೆಯೊಂದರಲ್ಲಿ ಕೆಲಸ. ಗದಗಿನ ಕಡೆಯವರು. ನಾನೂ ನನ್ನ ಹೆಂಡತಿಯೂ ಅವರನ್ನು ಡಾಕ್ಟರ್ ಸಾಹೇಬರು ಎನ್ನುತ್ತಿದ್ದೆವು. ಅವರು ನನ್ನನ್ನು ಕರೆಯುತ್ತಿದ್ದುದು 'ಮೈಸೂರವ್ರೇ' ಎಂದು. ನಾನು ಹುಟ್ಟಿದ್ದು ಮಂಡ್ಯದಲ್ಲಿ ಎಂದು ಎಷ್ಟು ಸಲ ಹೇಳಿದರೂ ಕೇಳುತ್ತಿರಲಿಲ್ಲ. "ತುಂಗಭದ್ರಾ ದಾಟಿದ್ರ ಎಲ್ಲಾ ಮೈಸೂರೇ ರೀ" ಎಂದು ಮುಗಿಸಿಬಿಡುತ್ತಿದ್ದರು.

ಮಲೇಷ್ಯಾಕ್ಕೆ ಬರುವ ಮುಂಚೆ ಅವರು ಬಹಳ ವರ್ಷ ಐರ್ಲೆಂಡಿನ ಪಶ್ಚಿಮದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿದ್ದರು. ಆ ಊರಿನಲ್ಲಿ ಮಕ್ಕಳಿಗೆ ಓಟ, ಜಿಗಿತ, ಎಸೆತ ಕಲಿಸುವ ಒಂದು ಕ್ಲಬ್ಬು. ಶನಿವಾರ ಇವರು ಪ್ರಥಮ ಚಿಕಿತ್ಸೆಯ ಚೀಲ ಹಿಡಿದು ಮೈದಾನದ ಅಂಚಿನಲ್ಲಿ ನಿಲ್ಲುತ್ತಿದ್ದರಂತೆ. ಆ ಮಕ್ಕಳು ಬೆಳೆದರು. ಕೆಲವರು ದೇಶದ ಹಸಿರು ಬನಿಯನ್ ತೊಟ್ಟು ಇಪ್ಪತ್ತು ವರ್ಷದೊಳಗಿನವರ ಅಂತರರಾಷ್ಟ್ರೀಯ ಕೂಟಗಳಿಗೆ ಹೋಗುವಷ್ಟಾದರು. ಡಾಕ್ಟರು ಮಾತ್ರ ಸಮುದ್ರ ದಾಟಿ ಬಂದರೂ ಆ ಮೈದಾನದ ಅಂಚನ್ನು ಬಿಟ್ಟು ಬಂದಿರಲಿಲ್ಲ.

ಯಾಕೆ ಎಂದು ನಾನು ಕೇಳಿದ್ದುಂಟು. ಒಂದು ಸಲ, "ಅಲ್ಲಿ ಮಂದಿ ನಮ್ಮ ಗದಗಿನವ್ರಂಗ, ಮಾತು ಭಾಳ, ಗಡಿಬಿಡಿ ಇಲ್ಲ" ಎಂದರು. ಇನ್ನೊಂದು ಸಲ, "ಬಿದ್ದ ಕೂಸು ಅಳೂದಿಲ್ರೀ ಅಲ್ಲಿ, 'ಸಾರಿ ಡಾಕ್ಟರ್' ಅಂತೈತಿ. ಅಂಥಾ ಮಕ್ಕಳನ್ನ ಬಿಡೂದು ಹೆಂಗ?" ಎಂದರು. ಮೂರನೆಯ ಸಲ ಎದ್ದು ಹೋಗಿ ತಮ್ಮ ಟೀ ಲೋಟ ತಾವೇ ತೊಳೆದಿಟ್ಟರು. ಈ ಮೂರರಲ್ಲಿ ಒಂದನ್ನು ಆರಿಸಿಕೊಂಡರೆ ಅವರು ಸಲೀಸಾಗಿ ಅರ್ಥವಾಗುತ್ತಾರೆ. ನಾನು ಆರಿಸಿಕೊಳ್ಳುವುದಿಲ್ಲ.

ಅವರ ಮನೆಯಲ್ಲಿ ಟಿವಿ ಇರಲಿಲ್ಲ. ಯುರೋಪಿನ ಬೆಳಗಿನ ಓಟಗಳು ನಮಗೆ ಸಂಜೆಗೆ ಬರುತ್ತವೆ. ಕೂಟ ಇರುವ ದಿನಗಳಲ್ಲಿ ಡಾಕ್ಟರು ಆಸ್ಪತ್ರೆಯಿಂದ ಬರುತ್ತಾ ದಾರಿಯ ಅಂಗಡಿಯಿಂದ ನಮಗೆಲ್ಲ ತೆಂಗಿನ ಹಾಲಿನ ಅನ್ನ, ನಾಸಿ ಲೆಮಾಕ್, ತಪಾವು ಮಾಡಿಸಿಕೊಂಡು, ಎಂದರೆ ಪೊಟ್ಟಣ ಕಟ್ಟಿಸಿಕೊಂಡು, ಬರುತ್ತಿದ್ದರು. ಆ ಅನ್ನ ಕಟ್ಟಿಕೊಡುವ ಕಂದು ಕಾಗದವನ್ನು ಬಿಡಿಸಿ, ಒರೆಸಿ, ಉದ್ದಕ್ಕೆ ಮಡಚಿ ನಮ್ಮ ಟಿವಿಯ ಕೆಳಗಂಚಿಗೆ ಟೇಪು ಹಾಕಿ ಅಂಟಿಸುತ್ತಿದ್ದರು. ಗಡಿಯಾರ, ಸ್ಥಾನ, ಅಂಕಿ ಎಲ್ಲ ಬರುವುದು ಆ ಪಟ್ಟಿಯಲ್ಲೇ. ಅದು ಮುಚ್ಚಿಹೋಗುತ್ತಿತ್ತು. ಧ್ವನಿಯೂ ಬಂದ್.

"ಮೊದ್ಲು ಓಟ ನೋಡ್ರಿ ಮೈಸೂರವ್ರೇ. ನಂಬರ್ ಎಲ್ಲಿಗೂ ಓಡಿ ಹೋಗೂದಿಲ್ಲ."

ನನ್ನ ಹೆಂಡತಿ ಅಡುಗೆಮನೆಯಿಂದಲೇ ಕೇಳುತ್ತಿದ್ದಳು, "ಡಾಕ್ಟರೇ, ಟಿವಿಗೆ ಲಂಗ ಉಡಿಸಾಯ್ತಾ? ಟೀ ತರ್ಲಾ?"

"ಉಡಿಸಿದೆ ತಂಗಿ. ತರ್ರಿ, ಸಕ್ರಿ ಜಾಸ್ತಿ."

ಅವರು ಗೆದ್ದವರನ್ನು ನೋಡುತ್ತಿರಲಿಲ್ಲ. ಓಟಗಾರರು ಗೆರೆಯ ಮೇಲೆ ನಿಂತ ಕೂಡಲೇ ಅವರ ತೋರುಬೆರಳು ಪರದೆಯ ಮೇಲೆ ಹೋಗುತ್ತಿತ್ತು. "ಇಕಾ, ಇಲ್ಲಿ. ನಮ್ಮಕಿ." ಆಮೇಲೆ ಅವರ ಕಣ್ಣು ಆ ಹಸಿರು ಬನಿಯನ್ ಬಿಟ್ಟು ಕದಲುತ್ತಿರಲಿಲ್ಲ. ಕ್ಯಾಮೆರಾದವನೊಂದಿಗೆ ಅವರಿಗೆ ಯಾವಾಗಲೂ ಜಗಳ. ಓಟ ಮುಗಿದ ಮೇಲೆ ಅವನು ಮೊದಲು ಬಂದವರ ಮುಖಕ್ಕೆ ಹೋಗುತ್ತಾನೆ. ಇವರಿಗೆ ಬೇಕಾದ್ದು ಏಳನೆಯವಳು. "ಅಲ್ಲೋ ಮಾರಾಯಾ, ನಮ್ಮ ಕೂಸು ಹಿಂದ ನಿಂತೈತಿ, ತಿರುಗಿಸೋ ಅದನ್ನ!" ಎಂದು ಕೂಗುತ್ತಿದ್ದರು. ಏಳನೆಯವಳ ಮೊಣಕೈಯೋ ಜಡೆಯೋ ಮೂಲೆಯಲ್ಲಿ ಕಂಡರೂ ಸಾಕು, ವಿಡಿಯೊ ನಿಲ್ಲಿಸಿ ಹಿಂದಕ್ಕೆ ಹೋಗುತ್ತಿದ್ದರು.

ಸಂಜೆ ಕ್ಲಬ್ಬಿನ ತರಬೇತುದಾರ್ತಿಯ ಕರೆ ಬರುತ್ತಿತ್ತು, ನನ್ನ ಫೋನಿಗೆ. ಯಾಕೆಂದರೆ ಡಾಕ್ಟರ ಫೋನಿನಲ್ಲಿ ಚಾರ್ಜು ಇದ್ದುದನ್ನು ನಾನು ನೋಡಿಲ್ಲ. ಆಕೆ ಕೇಳುತ್ತಿದ್ದುದು ಒಂದೇ: ಏನು ಕಂಡಿರಿ? ಇವರು ಒಬ್ಬೊಬ್ಬರಿಗೂ ಮೂರು ವಾಕ್ಯ ಹೇಳುತ್ತಿದ್ದರು. ಏನು ಮಾಡಿದಳು, ಏನು ಮಾಡಲಿಲ್ಲ, ನಾಳೆ ಏನು ಮಾಡಬೇಕು. ಅಷ್ಟೇ. ಹ್ಯಾಮರ್ ಎಸೆಯುವ ಒಬ್ಬ ನಾಚಿಕೆಯ ಹುಡುಗನ ಎಸೆತಗಳೆಲ್ಲ ಸುತ್ತಲಿನ ರಕ್ಷಣೆಯ ಬಲೆಗೆ ಹೋಗಿ ಬಿದ್ದ ದಿನ ಇವರು ಹೇಳಿದ್ದು: "ತಿರುಗೂದು ಚಂದ ತಿರುಗ್ಯಾನ. ಬಿಡೂ ಹೊತ್ತಿಗೆ ಮಂದಿ ಕಡೆ ನೋಡ್ಯಾನ. ನಾಳೆ ಅವಂಗ ಮಂದಿ ಇಲ್ಲದ ಹೊಲದಾಗ ಎಸೀಲಿಕ್ಕೆ ಹಚ್ಚರಿ." ಇದನ್ನೆಲ್ಲ ಅವರು ಇಂಗ್ಲಿಷಿನಲ್ಲಿ ಹೇಳಿರಬೇಕು. ಆ ತರಬೇತುದಾರ್ತಿಗೆ ಗದಗಿನ ಕನ್ನಡ ಹೇಗೆ ಬರಬೇಕು? ಆದರೆ ನನ್ನ ಕಿವಿಯಲ್ಲಿ ಉಳಿದಿರುವುದು ಹೀಗೇ. ಇಂಗ್ಲಿಷಿನ ಮಾತುಗಳು ಯಾವಾಗ ಕಳಚಿ ಬಿದ್ದವೋ ತಿಳಿಯದು.

ಎಂಟುನೂರು ಮೀಟರ್ ಓಡುವ ಒಬ್ಬ ಹುಡುಗಿ ಇದ್ದಳು. ಚಿಕ್ಕವಳಿದ್ದಾಗ ಅವಳ ಮುರಿದ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದವರು ಇವರೇ. ಹಾಕಿಸಿಕೊಂಡ ವಾರವೇ ಕೈಯನ್ನು ಕೊರಳಿಗೆ ನೇತುಹಾಕಿಕೊಂಡು ಓಡಲು ಬಂದಿದ್ದಳಂತೆ. ಕ್ಲಬ್ಬಿನ ದೊಡ್ಡ ಆಸೆ ಅವಳ ಮೇಲಿತ್ತು. ಡಾಕ್ಟರ ಆಸೆಯೂ ಅಷ್ಟೇ ಇತ್ತೆಂದು ಅವಳ ಓಟದ ದಿನ ಟೀ ಹಾಗೇ ಆರಿಹೋಗುವುದರಿಂದ ತಿಳಿಯುತ್ತಿತ್ತು.

ಒಂದು ವರ್ಷದ ಕೂಟದಲ್ಲಿ ಅವಳು ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದಿದ್ದಳು. ಕೊನೆಯ ತಿರುವಿನಲ್ಲಿ ಒಬ್ಬರ ಹಿಂದೆ ಒಬ್ಬರು ದಾಟಿದರು. ಕಾಗದ ಅಂಟಿಸಿದ್ದರೂ ಅವಳೇ ಕೊನೆ ಎಂದು ಕಾಣುತ್ತಿತ್ತು. ಡಾಕ್ಟರು ಆ ತಿರುವನ್ನು ಮತ್ತೆ ಮತ್ತೆ ನೋಡಿದರು. ಅಷ್ಟರಲ್ಲಿ ಫೋನು ಬಂತು. ಹುಡುಗಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಇನ್ನು ಓಡುವುದಿಲ್ಲ ಎನ್ನುತ್ತಿದ್ದಾಳೆ, ದಣಿವು ಅಷ್ಟೇ ಎಂದು ನಾವೆಲ್ಲ ಹೇಳಿದೆವು, ನಿಮ್ಮ ಮಾತಾದರೆ ಕೇಳುತ್ತಾಳೆ, ಎಂದಳು ತರಬೇತುದಾರ್ತಿ. ಡಾಕ್ಟರು ಸ್ವಲ್ಪ ಹೊತ್ತು ಬೇಕೆಂದು ಫೋನಿಟ್ಟರು.

"ದಣಿವು ಅಂತಲೇ ಹೇಳಿಬಿಡಿ ಡಾಕ್ಟರೇ. ಪಾಪ, ಚಿಕ್ಕ ಹುಡುಗಿ" ಎಂದೆ ನಾನು.

"ನೋಡ್ರಿ ಇಲ್ಲಿ." ಬೆರಳು ಪರದೆಯ ಮೇಲೆ ಹೋಯಿತು. "ಮೊದಲನೇದಕಿ ದಾಟಿದಾಗ ಇಕಿ ಭುಜ ಇಳೀತು. ದಣಿದ ಭುಜ ಮ್ಯಾಲೇರತಾವ್ರೀ, ಕಿವಿ ಕಡೆ. ಇವು ಹಗುರಾಗಿ ಇಳದಾವ. ಸಾಕಪ್ಪಾ, ಬಿಟ್ಟರು ನನ್ನ, ಅಂತ."

"ಇದನ್ನ ಹೇಳಿದ್ರೆ ಅವಳು ನಿಜವಾಗ್ಲೂ ಬಿಟ್ಟುಬಿಡ್ತಾಳೆ."

"ಸುಳ್ಳು ಹೇಳಿ ಓಡಸ್ಲೇನು? ಕಾಲು ಅಕೀವು ರೀ. ಕ್ಲಬ್ಬಿನವಲ್ಲ, ನನ್ನವೂ ಅಲ್ಲ."

ಅವರೇ ಕರೆ ಮಾಡಿದರು. ಮೂರು ವಾಕ್ಯ ಹೇಳಿದರು. ಮೊದಲ ಸುತ್ತು ಅವಳ ಹಾಗೆ ಯಾರೂ ಓಡಲಿಲ್ಲ. ದಾಟಿದವರನ್ನು ಅವಳು ಬೆನ್ನಟ್ಟಲಿಲ್ಲ, ಭುಜ ಹಗುರಾಗಿ ಇಳಿದವು. ಬಿಡುತ್ತೇನೆ ಎಂದರೆ ನಾಳೆ ಬಿಡಲಿ, ಯಾರೂ ತಡೆಯಬೇಡಿ. ಆ ಕಡೆಯಿಂದ ಏನೋ ಗಟ್ಟಿಯಾಗಿ ಕೇಳಿಸಿತು, ಆಮೇಲೆ ಫೋನು ಕಟ್ಟಾಯಿತು. ಡಾಕ್ಟರು ಫೋನನ್ನು ನನಗೆ ವಾಪಸು ಕೊಡುತ್ತಾ, "ಇನ್ನ ಅವರು ಫೋನ್ ಮಾಡೂದಿಲ್ಲ ಬಿಡ್ರಿ" ಎಂದರು. ಹಾಗೆಯೇ ಆಯಿತು. ಅದು ಗೊತ್ತಿದ್ದೇ ಹೇಳಿದ್ದರು. ಅವರ ಬಗ್ಗೆ ನನಗಿರುವ ಗೌರವಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮುಂದಿನ ಎರಡು ಬೇಸಿಗೆ ಅವರು ನಾಸಿ ಲೆಮಾಕ್ ತಂದರು, ಕಾಗದ ಅಂಟಿಸಿದರು, ಹಸಿರು ಬನಿಯನ್ನಿನ ಉಳಿದ ಮಕ್ಕಳನ್ನು ನೋಡಿದರು. ರಿಲೇಯಲ್ಲಿ ಬ್ಯಾಟನ್ ಬೀಳಿಸಿಕೊಂಡವಳು ಅದನ್ನು ಎತ್ತಿಕೊಂಡು ಕೊನೆಯವರೆಗೂ ಓಡಿದಾಗ ಸೋಫಾದಿಂದ ಎದ್ದು ನಿಂತರು. ಆದರೆ ಮೂರು ವಾಕ್ಯ ಇಲ್ಲ. ನೀವೇ ಫೋನ್ ಮಾಡಿ ಎಂದರೆ, "ಕೇಳದ ಹೇಳಿದ್ರ ಅದು ಚಾಡಿ ಆಗ್ತದ" ಎನ್ನುತ್ತಿದ್ದರು. ನನ್ನ ಹೆಂಡತಿ ಒಳಗೆ ನನ್ನೊಂದಿಗೆ ಪಿಸುಗುಟ್ಟಿದಳು, "ಇವರು ಸುಮ್ನೆ ಕೂತು ಓಟ ನೋಡೋದನ್ನ ನನ್ ಕೈಲಿ ನೋಡೋಕಾಗಲ್ಲ ರೀ."

ಮೂರನೆಯ ಬೇಸಿಗೆ, ಸ್ವಲ್ಪ ದೊಡ್ಡ ವಯಸ್ಸಿನವರ ಕೂಟ. ಎಂಟುನೂರು ಮೀಟರ್‌ಗೆ ಹುಡುಗಿಯರು ಗೆರೆಯ ಮೇಲೆ ನಿಂತರು. ಡಾಕ್ಟರ ಬೆರಳು ಪರದೆಯತ್ತ ಹೋದದ್ದು ಅರ್ಧದಲ್ಲೇ ನಿಂತಿತು.

"ಇಕಾ..." ಎಂದರು. ಅಷ್ಟೇ.

ಅವಳೇ. ಕೂದಲು ಮೊಟಕಾಗಿತ್ತು. ಕೊನೆಯ ತಿರುವಿನಲ್ಲಿ ಇಬ್ಬರು ಅವಳನ್ನು ದಾಟಿದರು. ಮುಗಿದ ಮೇಲೆ ಕ್ಯಾಮೆರಾ ಎಂದಿನಂತೆ ಬೇರೆ ಕಡೆ ಹೋಯಿತು. ಒಂದು ಮೂಲೆಯಲ್ಲಿ ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿದ ಹಸಿರು ಬೆನ್ನು ಕಂಡಿತು. ಡಾಕ್ಟರು ನಗುತ್ತಿದ್ದರು. "ಆವತ್ತು ನಾ ನೋಡಿದ್ದು ತಪ್ಪಿರಬೇಕು ಮೈಸೂರವ್ರೇ. ಇಲ್ಲಾ, ಆವಾಗ ಖರೆ ಇತ್ತು, ಈಗ ಇಲ್ಲ. ಎರಡೂ ಚಲೋನ." ತಪ್ಪಿದ್ದಕ್ಕೆ ಅಷ್ಟು ಖುಷಿಪಟ್ಟ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

ನಾವು ಫೋನಿಗೆ ಕಾದೆವು. ಬರಲಿಲ್ಲ. ಆಗ ಡಾಕ್ಟರು ಟೀ ಲೋಟ ಕೆಳಗಿಟ್ಟು, ನೆಟ್ಟಗೆ ಕೂತು, ಫೋನಿನಲ್ಲಿ ಹೇಳುವ ಹಾಗೆಯೇ ಹೇಳಿದರು. "ಇಬ್ಬರು ದಾಟಿದ್ರೂ ಅಕಿ ಭುಜ ಇಳೀಲಿಲ್ಲ. ನಡುವ ಸಿಕ್ಕೊಂಡಾಗ ದಾರಿ ಬಿಡ್ತಾರೇನೋ ಅಂತ ಕಾದಳು, ತಾನ ದಾರಿ ಮಾಡ್ಕೊಳ್ಳಿಲ್ಲ." ಆಮೇಲೆ ಮೂರನೆಯದು.

ಅದರ ಮುಂದಿನ ರಂಜಾನಿಗೆಂದು ರಜೆ ಹಾಕಿ ಗದಗಿಗೆ ಹೋದವರು ಹಿಂದಿರುಗಲಿಲ್ಲ. ಹೃದಯ, ಎಂದರು ಅವರ ತಮ್ಮ ಫೋನಿನಲ್ಲಿ. ಪಕ್ಕದ ಮನೆಗೆ ಬೇರೆಯವರು ಬಂದರು.

ಕಳೆದ ವಾರ ನನ್ನ ಫೋನಿಗೆ ಐರ್ಲೆಂಡಿನ ನಂಬರಿನಿಂದ ಕರೆ ಬಂತು. ತರಬೇತುದಾರ್ತಿ. ಡಾಕ್ಟರು ಇದ್ದಾರೆಯೇ ಎಂದು ಕೇಳಿದಳು. ಇಲ್ಲ ಎಂದೆ, ಅವಳಿಗೆ ಆ ಇಲ್ಲ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವಳೇ ಹೇಳಿದಳು. ಸಿಟ್ಟು ತನ್ನದಾಗಿತ್ತು, ಹುಡುಗಿಯದಲ್ಲ. ಹುಡುಗಿ ಒಂದು ವರ್ಷ ಬೂಟು ಮುಟ್ಟಲಿಲ್ಲ, ಆಮೇಲೆ ಯಾರೂ ಕರೆಯದೆ ತಾನಾಗಿ ಮೈದಾನಕ್ಕೆ ಬಂದಳು. ಈಗ ಮೊದಲ ಸಲ ದೊಡ್ಡವರ ಕೂಟದಲ್ಲಿ ಓಡುತ್ತಾಳೆ. ಆವತ್ತು ತಾನು ಮರಳಿ ಬಂದ ಓಟವನ್ನು ಡಾಕ್ಟರು ನೋಡಿದರೇ, ನೋಡಿದ್ದರೆ ಏನು ಕಂಡರು ಎಂದು ಹುಡುಗಿ ಕೇಳಲು ಹೇಳಿದ್ದಾಳೆ.

ನೋಡಿದರು ಎಂದೆ. ಮೊದಲ ವಾಕ್ಯ ಹೇಳಿದೆ. ಆ ಕಡೆ ಮೂಗು ಎಳೆದುಕೊಂಡ ಸದ್ದು. ಎರಡನೆಯದು ಹೇಳಿದೆ.

"ಮೂರು ಇರುತ್ತಿದ್ದವಲ್ಲ?" ಎಂದಳು.

ಇರುತ್ತಿದ್ದವು. ಮೂರನೆಯದನ್ನು ಅವರು ಹೇಳುತ್ತಿದ್ದಾಗ ನಾನು ಎದ್ದು ಟಿವಿಯ ಹತ್ತಿರ ಹೋಗಿದ್ದೆ. ಹುಡುಗಿಯ ಸ್ಥಾನ ಎಷ್ಟೆಂದು ನೋಡುವ ಆತುರದಲ್ಲಿ ಕಾಗದ ಕೀಳುತ್ತಿದ್ದೆ. ಟೇಪು ಬಿಟ್ಟು ಬಂದ ಸದ್ದು ಕೇಳಿಸುತ್ತದೆ, ಅದರ ಹಿಂದೆ ಡಾಕ್ಟರ ದನಿಯಿದೆ, ಮಾತು ಇಲ್ಲ... ಆರನೆಯ ಸ್ಥಾನ ಎಂಬುದು ಚೆನ್ನಾಗಿ ನೆನಪಿದೆ. ಅದು ಅವಳಿಗೆ ಗೊತ್ತೇ ಇದೆ. 'ಮೂರನೆಯದನ್ನು ಹುಡುಗಿಗೇ ಬಿಟ್ಟಿದ್ದರು' ಎಂದು ಹೇಳಬಹುದಾಗಿತ್ತು. ನಾಲಗೆಯ ತುದಿಗೂ ಬಂತು. ಒಳ್ಳೆಯ ಮಾತು. ಅವರು ಆಡದ ಮಾತು.

"ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ" ಎಂದೆ.

ತರಬೇತುದಾರ್ತಿ ಬೈಯಲಿಲ್ಲ. ಎರಡು ವಾಕ್ಯವನ್ನೂ ಇನ್ನೊಮ್ಮೆ ನಿಧಾನವಾಗಿ ಹೇಳಿಸಿಕೊಂಡಳು. ಹುಡುಗಿಯ ಓಟದ ದಿನ, ಹೊತ್ತು ತಿಳಿಸಿ ಫೋನಿಟ್ಟಳು.

ಅದು ಇವತ್ತು. ತಮಿಳು ಅಕ್ಕ ಟಿವಿ ಒಯ್ಯಲು ಬಂದಾಗ ನಾಳೆ ಎಂದೆ. "ನಾಳೆಕ್ಕಾ? ಸರಿ ಲಾ" ಎಂದು ಹೋದಳು. ಅಂಟು ಕೆರೆಯುವುದನ್ನು ನಿಲ್ಲಿಸಿ ನಾಸಿ ಲೆಮಾಕ್ ತಂದೆ. ನನ್ನ ಹೆಂಡತಿ ಕಾಗದ ಒರೆಸಿ ಕೊಟ್ಟಳು, ಲಂಗದ ಮಾತೆತ್ತಲಿಲ್ಲ. ಹಳೆಯ ಎರಡು ಕಲೆಗಳ ಮೇಲೆಯೇ ಟೇಪು ಕೂತಿತು.

ಸಂಜೆ ಓಟಗಾರ್ತಿಯರು ಗೆರೆಗೆ ಬಂದರು. ಕ್ಯಾಮೆರಾ ದೂರದಲ್ಲಿತ್ತು, ಕಡುನೀಲಿಯೂ ಹಸಿರೂ ಒಂದೇ ಹಾಗೆ ಕಾಣುತ್ತಿದ್ದವು. ನಮ್ಮವಳು ಯಾವ ಕಡೆ ಎಂದು ನನಗೆ ಸಿಗಲಿಲ್ಲ. ಪರದೆಯ ಮೇಲೆ ಒಂದು ಬೆರಳು ಬರಲಿ ಎಂದು ಕಾಯುತ್ತಿದ್ದೆನೆಂಬುದು ಪಿಸ್ತೂಲಿನ ಹೊಗೆ ಕಂಡ ಮೇಲೆ ತಿಳಿಯಿತು. ಅಷ್ಟರಲ್ಲಿ ಹುಡುಗಿಯರು ಓಡತೊಡಗಿದ್ದರು.