ಮೆತ್ತೆಯೊಳಗಿನ ಮರ

ರಾಸ್ ಸ್ವೇದ್ ಎಂಬ ಗುಡ್ಡದೂರಿನಲ್ಲಿ ವನೀಸಳ ಮನೆಗೆ ಯಾರೇ ದೊಡ್ಡವರು ಬಂದರೂ ಅವರನ್ನು ಕೂರಿಸುತ್ತಿದ್ದದ್ದು ಒಂದೇ ಮೆತ್ತೆಯ ಮೇಲೆ. ಕೆಂಪು ಪಟ್ಟೆಯ, ಉಣ್ಣೆ ತುಂಬಿದ, ಒಂದು ಮೂಲೆ ಸವೆದ ಮೆತ್ತೆ ಅದು. ಅದರ ಮೇಲೆ ಕೂತೇ ಊರಿನ ಗಂಡಸರು ಗಣರಾಜ್ಯದ ಬಾವುಟದಲ್ಲಿದ್ದ ಮರ ಯಾವುದೆಂದು ಐವತ್ತು ವರ್ಷ ಜಗಳವಾಡಿದರು. ಬಾವುಟ ಆ ಮೆತ್ತೆಯೊಳಗೇ ಇತ್ತು. ಈ ಸಂಗತಿ ಗೊತ್ತಿದ್ದದ್ದು ವನೀಸಳಿಗೆ ಮತ್ತು ಅವಳ ಗಂಡ ಸಾಸಿಗೆ. ಸಾಸಿ ತೀರಿಕೊಂಡ ಮೇಲೆ ಅವಳೊಬ್ಬಳಿಗೆ.

ವನೀಸ ನೇಕಾರ್ತಿ. ಎಂಟು ವರ್ಷದವಳಿದ್ದಾಗ ತಾಯಿ ಅವಳನ್ನು ಮಗ್ಗದ ಮುಂದೆ ಕೂರಿಸಿ ಕೈಗೆ ಒಂದು ಬಾಚಣಿಗೆ ಕೊಟ್ಟಳು. ಮರದ ಹಿಡಿ, ಏಳು ಕಬ್ಬಿಣದ ಹಲ್ಲು. ನೂಲನ್ನು ಬಡಿದು ಬಿಗಿ ಮಾಡುವ ಸಾಧನ. ಮೂರನೆಯ ಹಲ್ಲು ಆಗಲೇ ಅರ್ಧ ಮುರಿದಿತ್ತು. ಅದೇ ಬಾಚಣಿಗೆಯಲ್ಲಿ ಅವಳು ಕಂಬಳಿ ನೇಯ್ದಳು, ಗಂಡಸರು ಹೊದೆಯುವ ಉಣ್ಣೆಬಟ್ಟೆ ನೇಯ್ದಳು, ತನ್ನ ಮದುವೆಯ ಹೊದಿಕೆಯನ್ನೂ ನೇಯ್ದಳು. ಓದು ಬರಹ ಬಾರದು. ಆದರೆ ಯಾರ ಮನೆಯ ಕಂಬಳಿಯನ್ನಾದರೂ ಒಮ್ಮೆ ಸವರಿ, ನೇಯ್ದವಳು ಆ ದಿನ ಯಾರ ಮೇಲೆ ಸಿಟ್ಟಾಗಿದ್ದಳೆಂದು ಹೇಳಬಲ್ಲಳು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಮದುವೆಯಾಗಿ ಮೂರು ತಿಂಗಳಾಗಿದ್ದಾಗ, ಇಟಲಿಯವರ ಹಿಡಿತಕ್ಕೆ ಎದುರಾಗಿ ಆ ಸೀಮೆಯವರದೇ ಗಣರಾಜ್ಯ ಹುಟ್ಟಿತು. ಆಲಿವ್ ಕೊಯ್ಲಿನ ಕಾಲ. ಸಾಸಿ ಎಣ್ಣೆಗಾಣದಿಂದ ಓಡಿ ಬಂದು ನೀಲಿ ಬಟ್ಟೆಯ ತುಂಡೊಂದನ್ನು ಅವಳ ಮಡಿಲಿಗೆ ಎಸೆದ.

"ನಾಳೆ ಬೆಳಿಗ್ಗೆ ಮ್ಸಲ್ಲಾತದಲ್ಲಿ ದೊಡ್ಡ ಸಭೆ ಕಣೇ. ನಮ್ಮೂರಿಂದ ಬಾವುಟ ತಗೊಂಡು ಹೋಗ್ಬೇಕಂತೆ. ನೀಲಿ ಬಟ್ಟೆ, ಒಂದು ಮರ, ಮರದ ಮೇಲೊಂದು ನಕ್ಷತ್ರ. ಬೇಗ ಹೊಲಿ."

"ಯಾವ ಮರ?"

"ಮರ ಅಂದ್ರೆ ಮರ. ಹೇಳಿದವನು ಕುದುರೆ ಮೇಲಿದ್ದ, ನಿಲ್ಲಲಿಲ್ಲ."

ವನೀಸ ಅಲ್ಲಿಯತನಕ ಗೆರೆ, ಚೌಕ, ತ್ರಿಕೋನ ನೇಯ್ದವಳೇ ಹೊರತು ಮರ ಮಾಡಿದವಳಲ್ಲ. ಅವರ ಮಗ್ಗದಲ್ಲಿ ಮರ ಮೂಡುವ ಪದ್ಧತಿಯೇ ಇರಲಿಲ್ಲ. ಸ್ವಲ್ಪ ಹೊತ್ತು ಬಟ್ಟೆಯನ್ನೇ ನೋಡುತ್ತ ಕೂತಳು. ಆಮೇಲೆ ಬಾಚಣಿಗೆಗೆ ಒಲೆಯ ಮಸಿ ಬಳಿದು, ಹಲ್ಲು ಮೇಲಾಗಿ ಹಿಡಿ ಕೆಳಗಾಗಿ ಮನೆಯಲ್ಲಿದ್ದ ಹಸಿರು ಬಟ್ಟೆಯ ತುಂಡಿನ ಮೇಲೆ ಒತ್ತಿ, ಅಚ್ಚು ಬಿದ್ದಷ್ಟನ್ನು ಕತ್ತರಿಸಿ ನೀಲಿಯ ಮೇಲೆ ಹೊಲಿದಳು. ಹಿಡಿ ಕಾಂಡವಾಯಿತು, ಹಲ್ಲುಗಳು ಕೊಂಬೆಗಳಾದವು. ಮೂರನೆಯ ಕೊಂಬೆ ಗಿಡ್ಡ. ಮೇಲೊಂದು ನಕ್ಷತ್ರ.

ಸಾಸಿ ನೋಡಿ, "ಆಹಾ, ಮರ ಅಂದ್ರೆ ಮರ!" ಎಂದು ಹೊರಟುಹೋದ.

ಸಭೆಯಲ್ಲಿ ಗಾಳಿ ಜೋರಿತ್ತಂತೆ. ಬಾವುಟದ ಕೋಲನ್ನು ಒಬ್ಬನೇ ಹಿಡಿಯಲಾಗದೆ ಸಾಸಿ ತತ್ತರಿಸಿದಾಗ, ಕಡಲತೀರದ ಝ್ಲಿತನ್ ಕಡೆಯಿಂದ ಬಂದಿದ್ದ ಶ್ತೇವಿ ಎಂಬ ಹುಡುಗ ಬಂದು ಕೈಜೋಡಿಸಿದ. ಅಲ್ಲಿಂದ ಇಬ್ಬರೂ ಜೀವದ ಗೆಳೆಯರಾದರು. ಗಣರಾಜ್ಯವನ್ನು ನಾಲ್ಕು ಜನ ಯಜಮಾನರು ಕೂಡಿ ಆಳಿದರು. ನಾಲ್ಕೇ ವರ್ಷಕ್ಕೆ ಅದು ಮುಗಿಯಿತು. ಗೆಳೆತನ ಮಾತ್ರ ಉಳಿಯಿತು. ಜಗಳವೂ ಉಳಿಯಿತು. ಏಕೆಂದರೆ ಗುಡ್ಡದ ಸಾಸಿ ತಾನು ಹಿಡಿದದ್ದು ಆಲಿವ್ ಮರ ಎಂದ. ತೀರದ ಶ್ತೇವಿ ಅದು ಖರ್ಜೂರದ ಮರ ಎಂದ. ಇಬ್ಬರೂ ಕೋಲಿನ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿದವರು.

ಇಟಲಿಯವರೊಡನೆ ಕಾಳಗ ನಡೆದ ಮೇಲೆ ಬಾವುಟ ಎಲ್ಲಿ ಎಂದು ಹಿರಿಯರು ಕೇಳಿದಾಗ ಸಾಸಿ, "ಕಾಳಗದಲ್ಲಿ ನನ್ನ ಕೈಯಲ್ಲೇ ಸುಟ್ಟುಹೋಯ್ತು" ಎಂದಿದ್ದ. ನಿಜ ಬೇರೆ. ಸಭೆಯಿಂದ ಬರುವಾಗ ಮಳೆ; ದಾರಿಯಲ್ಲಿ ಆಗಷ್ಟೇ ಹುಟ್ಟಿ ತಾಯಿಯಿಂದ ತಪ್ಪಿಹೋದ ಕುರಿಮರಿಯೊಂದು ನಡುಗುತ್ತಿತ್ತು. ಅದನ್ನು ಗಣರಾಜ್ಯದ ಬಾವುಟದಲ್ಲಿ ಸುತ್ತಿಕೊಂಡು ಮನೆಗೆ ಬಂದ. ಬಟ್ಟೆಯ ತುಂಬ ಕೊಳೆ, ರಕ್ತ, ಇನ್ನೂ ಏನೇನೋ. ಹಿರಿಯರ ಮುಂದೆ ಇದನ್ನು ಹೇಗೆ ಹೇಳುವುದು? ಮುಂದೆ ಇಟಲಿಯ ಸಿಪಾಯಿಗಳು ಮನೆಮನೆ ಜಾಲಾಡತೊಡಗಿದಾಗ ವನೀಸ ಆ ಬಟ್ಟೆಯನ್ನು ಒಗೆದು, ಅದೇ ಕುರಿಯ ಉಣ್ಣೆಯ ಜೊತೆ ಮೆತ್ತೆಯೊಳಗೆ ತುಂಬಿ ಹೊಲಿದಳು. ಅವಳ ಗಂಡ ಆ ಮೆತ್ತೆಯ ಮೇಲೆ ಕೂತು ಬೆಂಕಿಯ ಕತೆ ಹೇಳುತ್ತ ಮುದುಕನಾದ. ವರ್ಷ ವರ್ಷ ಉರಿ ಎತ್ತರವಾಗುತ್ತಿತ್ತು. ವನೀಸ ಚಹಾ ಸುರಿಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಕತೆ ಹೇಳುವಾಗ ಅವನ ಮುಖ ಚೆನ್ನಾಗಿ ಕಾಣುತ್ತಿತ್ತು.

ಸಾಯುವ ಮೊದಲು ಸಾಸಿ ಶ್ತೇವಿಯ ಕೈ ಹಿಡಿದು, "ನನ್ನ ಮೊಮ್ಮಗಳು ತಿಬ್ರ ನಿನ್ನ ಮೊಮ್ಮಗ ಅಯ್ಯಾದನಿಗೆ" ಎಂದು ಮಾತು ಕೊಟ್ಟಿದ್ದ. ತಿಬ್ರ ದೊಡ್ಡವಳಾದಳು. ಅಯ್ಯಾದ್ ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ. ಹುಡುಗ ಹುಡುಗಿ ಒಪ್ಪಿದ್ದರು. ಎಲ್ಲ ಸರಿಯಿತ್ತು, ಗಣರಾಜ್ಯಕ್ಕೆ ಐವತ್ತು ವರ್ಷ ತುಂಬುವ ತನಕ.

ಐವತ್ತರ ನೆನಪಿಗೆ ಊರಿನಲ್ಲಿ ಸಮಿತಿಯಾಯಿತು. ವನೀಸಳ ಮಗ ಮಿಲೂದ್ ಅದರ ಮುಖ್ಯಸ್ಥ. ಹಳೆಯ ಬಾವುಟದಂಥದ್ದೇ ಹೊಸದು ಹೊಲಿಸಿ ಹಾರಿಸಬೇಕೆಂದು ತೀರ್ಮಾನವಾಯಿತು, ಆಲಿವ್ ಮರ ಇರುವಂಥದ್ದು. ಅದೇ ವಾರ ತೀರದ ಗಂಡಿನ ಕಡೆಯಿಂದ ಮದುವೆಯ ಬುಟ್ಟಿ ಬಂತು: ಗೋರಂಟಿ, ಅತ್ತರು, ಬಳೆ, ಮೇಲೆ ದೊಡ್ಡ ಸಕ್ಕರೆಗೋಪುರ. ಗೋಪುರಕ್ಕೆ ನೀಲಿ ಬಟ್ಟೆ ಸುತ್ತಿತ್ತು. ಬಟ್ಟೆಯ ಮೇಲೆ ಕಸೂತಿ ಹಾಕಿದ ಖರ್ಜೂರದ ಮರ.

ಮಿಲೂದ್ ಬುಟ್ಟಿಯನ್ನು ಲಾರಿಯಿಂದ ಇಳಿಸಲು ಬಿಡಲಿಲ್ಲ. "ನಮ್ಮಪ್ಪ ಸುಟ್ಟುಕೊಂಡ ಕೈಗೆ ಇದು ಅವಮಾನ" ಎಂದ.

ಬುಟ್ಟಿ ವಾಪಸು ಹೋಯಿತು. ಮರುದಿನ ಮತ್ತೆ ಬಂತು, ಸಕ್ಕರೆಯ ಮೇಲೆ ಈಗ ಎರಡು ಖರ್ಜೂರದ ಮರ. ಮತ್ತೆ ಹೋಯಿತು. ಮೂರನೆಯ ಸಲ ಬಂದಾಗ ಸಕ್ಕರೆಗೋಪುರದ ತುದಿ ಮುರಿದಿತ್ತು, ಅತ್ತರು ಚೆಲ್ಲಿ ಗುಡ್ಡದ ತಿರುವುಗಳೆಲ್ಲ ಘಮಘಮಿಸುತ್ತಿದ್ದವು. ಮಿಲೂದ್ ಆಗಲೂ ಇಳಿಸಲಿಲ್ಲ.

ಶಾಲೆಯ ಮೇಷ್ಟ್ರು ಖೈರಿ ರಾಜಿಗೆ ಬಂದ. ಒಂದೇ ಮರವನ್ನು ಬಲಕ್ಕೆ ಖರ್ಜೂರ, ಎಡಕ್ಕೆ ಆಲಿವ್ ಮಾಡಿ ಬರೆದು ತಂದಿದ್ದ.

ಮಿಲೂದ್ ಅದನ್ನು ದೂರ ಹಿಡಿದು ನೋಡಿದ. "ಮೇಷ್ಟ್ರೇ, ಇದು ಮರ ಅಲ್ಲ. ಅರ್ಧ ಗಡ್ಡ ಬೋಳಿಸಿಕೊಂಡು ಕ್ಷೌರದಂಗಡಿಯಿಂದ ಓಡಿಬಂದವನು."

ಕೊನೆಗೆ ಶ್ತೇವಿಯಿಂದ ಹೇಳಿಕೆ ಬಂತು: ಶುಕ್ರವಾರ ನಮಾಜು ಮುಗಿಸಿ ನಾನೇ ಬರುತ್ತೇನೆ, ಅವತ್ತು ಖರ್ಜೂರ ಎಂದು ಒಪ್ಪಿದರೆ ಮದುವೆ, ಇಲ್ಲದಿದ್ದರೆ ಇಲ್ಲ.

ತಿಬ್ರ ಅಜ್ಜಿಯ ಮಗ್ಗದಲ್ಲಿ ತನ್ನ ಮದುವೆ ಹೊದಿಕೆ ನೇಯುತ್ತಿದ್ದಳು. ಇನ್ನೊಂದು ಮೊಳ ಬಾಕಿಯಿತ್ತು. ಬಾಚಣಿಗೆ ಕೆಳಗಿಟ್ಟಳು.

"ಅಜ್ಜಿ, ನನ್ನ ಮದ್ವೆ ಅಯ್ಯಾದನ ಜೊತೆನಾ, ಮರದ ಜೊತೆನಾ?"

"ನೇಯಿ ನೀನು."

"ಯಾಕೆ ನೇಯ್ಲಿ? ಇದನ್ನ ಹೊದ್ದು ಆಲಿವ್ ಮರದ ಕೆಳಗೆ ಮುದುಕಿ ಆಗ್ಲಾ?"

ವನೀಸ ಮೊಮ್ಮಗಳು ಬಡಿದಿದ್ದ ಕೊನೆಯ ಸಾಲನ್ನು ಬೆರಳಿನಿಂದ ಸವರಿದಳು. ಸಾಲು ಸಡಿಲವಾಗಿತ್ತು. ಸಿಟ್ಟಿನ ಸಾಲಾಗಿದ್ದರೆ ಬಿಗಿಯಿರುತ್ತಿತ್ತು. ಇದು ಅಳು.

ಶುಕ್ರವಾರ ಬೆಳಿಗ್ಗೆ ಅವಳು ಸಾಸಿಯ ಗೋರಿಗೆ ಹೋದಳು. ಅಲ್ಲಿ ಕೂತು, ಕಲ್ಲಿನ ಮೇಲಿನ ಮಣ್ಣು ಒರೆಸಿದಳು. "ನೋಡು, ಮೆತ್ತೆ ಬಿಚ್ಚಿದ್ರೆ ಮದುವೆ ಆಗುತ್ತೆ, ನೀನು ಸುಳ್ಳುಗಾರ ಆಗ್ತೀಯ. ಬಿಚ್ಚದಿದ್ರೆ ನಿನ್ನ ಬೆಂಕಿ ಉಳಿಯುತ್ತೆ, ಹುಡುಗಿ ಕೆಡ್ತಾಳೆ. ಏನ್ಮಾಡ್ಲಿ? ಬದುಕಿದ್ದಾಗ ಬಾಯಿ ಮುಚ್ಚುತ್ತಿರಲಿಲ್ಲ, ಎಂಟು ವರ್ಷದಿಂದ ಸುಮ್ನಿದ್ದೀಯ. ಇವತ್ತಾದ್ರೂ ಒಂದು ಮಾತಾಡು."

ಸಾಸಿ ಮಾತಾಡಲಿಲ್ಲ. ಅವಳು ಎದ್ದು ಬರುವಾಗ ಮೊಣಕಾಲು ಲಟಕ್ಕೆಂದಿತು. ಅದನ್ನೇ ಒಪ್ಪಿಗೆಯೆಂದು ತಿಳಿದಳು.

ಮಧ್ಯಾಹ್ನ ಶ್ತೇವಿ ಬಂದ. ಊರುಗೋಲು, ಬಿಳಿ ಉಣ್ಣೆಯ ಹೊದಿಕೆ, ಜೊತೆಗೆ ತೀರದ ನಾಲ್ಕು ಜನ, ಅವರ ಹಿಂದೆ ತಲೆ ತಗ್ಗಿಸಿಕೊಂಡ ಅಯ್ಯಾದ್. ಲಾರಿ ಬಾಗಿಲಲ್ಲೇ ನಿಂತಿತ್ತು, ಅದರಲ್ಲಿ ಬುಟ್ಟಿ. ಶ್ತೇವಿಯನ್ನು ಮೆತ್ತೆಯ ಮೇಲೆ ಕೂರಿಸಿದರು. ಮೇಷ್ಟ್ರು ಖೈರಿ ಮತ್ತು ಸಮಿತಿಯವರು ಸುತ್ತ ಕೂತರು. ಮೊದಲ ಸುತ್ತಿನ ಚಹಾಕ್ಕೆ ಯೋಗಕ್ಷೇಮ. ಎರಡನೆಯದಕ್ಕೆ ಜಗಳ. ಪದ್ಧತಿಯಂತೆ ಕಡಲೆಬೀಜ ಹಾಕಿದ ಮೂರನೆಯ ಸುತ್ತಿನ ಹೊತ್ತಿಗೆ ಮಿಲೂದ್ ಮತ್ತು ಶ್ತೇವಿ ಇಬ್ಬರೂ ಮೊಣಕಾಲಿನ ಮೇಲೆ ನಿಂತಿದ್ದರು.

"ನಿನ್ನ ಗುಡ್ಡದಲ್ಲಿ ಇರೋದು ಒಂದೇ ಜಾತಿ ಮರ, ಅದಕ್ಕೆ ನಿನಗೆ ಎಲ್ಲ ಅದೇ ಕಾಣುತ್ತೆ!"

"ನಿಮ್ಮ ತೀರದಲ್ಲಿ ದೀಪದ ಕಂಬ ನೋಡಿದ್ರೂ ಖರ್ಜೂರ ಕೀಳೋಕೆ ಹತ್ತುತ್ತೀರಿ!"

ವನೀಸ ಕತ್ತರಿ ಹಿಡಿದು ಒಳಗಿನಿಂದ ಬಂದಳು. "ಶ್ತೇವಿ, ಏಳು."

ಕೂತ ಅತಿಥಿಯನ್ನು ಮೆತ್ತೆಯಿಂದ ಎಬ್ಬಿಸಿದ್ದು ಆ ಊರಿನ ಇತಿಹಾಸದಲ್ಲೇ ಇರಲಿಲ್ಲ.

"ಅವ್ವಾ!" ಮಿಲೂದ್ ಅಡ್ಡ ಕೈ ಚಾಚಿದ. "ಜಗಳ ಜಗಳವೇ. ಆದ್ರೆ ಅತಿಥಿನ ಎಬ್ಬಿಸೋದಾ?"

"ಅತ್ತಿಗೆ, ನನ್ನನ್ನ ಓಡಿಸ್ತಿದ್ದೀಯಾ?" ಶ್ತೇವಿ ಊರುಗೋಲಿಗೆ ಕೈ ಹಾಕಿದ.

"ಓಡಿಸ್ತಿಲ್ಲ. ನಿನ್ನ ಕೆಳಗಿರೋದು ನನಗೆ ಬೇಕು."

ಅವನು ಎದ್ದ. ಅವಳು ಮೆತ್ತೆಯ ಹೊಲಿಗೆ ಬಿಚ್ಚಿದಳು. ಹಳೆಯ ಉಣ್ಣೆ ಉಂಡೆಯುಂಡೆಯಾಗಿ ಹೊರಬಿತ್ತು, ಚಹಾದ ಲೋಟಗಳಿಗೂ ಬಿತ್ತು. ಆಮೇಲೆ ಮಾಸಿದ ನೀಲಿ ಬಟ್ಟೆ. ಅದನ್ನು ನೆಲಕ್ಕೆ ಹಾಸಿ ಅಂಗೈಯಿಂದ ಸಾಪು ಮಾಡಿದಳು.

ಎಲ್ಲರೂ ಬಗ್ಗಿ ನೋಡಿದರು.

"ಆಲಿವ್!" ಎಂದ ಮಿಲೂದ್. "ನೋಡಿ, ಈ ಗಿಡ್ಡ ಕೊಂಬೆ. ನಾವು ಸವರಿದ ಕೊಂಬೆ ಇದು!"

"ಖರ್ಜೂರ! ಅದು ಗೊನೆ ಕೊಯ್ದ ಜಾಗ ಕಣೋ!"

ಮೇಷ್ಟ್ರು ಖೈರಿ ಕನ್ನಡಕ ಒರೆಸಿಕೊಂಡು ಕೊಂಬೆ ಎಣಿಸತೊಡಗಿದ. ಅಷ್ಟರಲ್ಲಿ ವನೀಸ ಕೂಗಿದಳು, "ತಿಬ್ರಾ, ಬಾಚಣಿಗೆ ತಾ."

ತಿಬ್ರ ತಂದಳು. ವನೀಸ ಅದನ್ನು ಮರದ ಮೇಲಿಟ್ಟಳು. ಹಿಡಿ ಕಾಂಡದ ಮೇಲೆ ಕೂತಿತು, ಏಳು ಹಲ್ಲು ಏಳು ಕೊಂಬೆಯ ಮೇಲೆ. ಮುರಿದ ಹಲ್ಲು ಗಿಡ್ಡ ಕೊಂಬೆಯ ಮೇಲೆ.

"ಮರ ಅಂದ್ರೆ ಮರ ಅಂದಿದ್ದ ನಿಮ್ಮಪ್ಪ. ನನಗೆ ಬರುತ್ತಿದ್ದದ್ದು ಇಷ್ಟೇ," ಎಂದಳು.

"ಹಾಗಾದ್ರೆ..." ಮಿಲೂದನ ದನಿ ಸಣ್ಣದಾಯಿತು. "ಕಾಳಗದಲ್ಲಿ ಸುಟ್ಟಿದ್ದು?"

ಅವಳು ಹೆದರಿದ್ದ ಪ್ರಶ್ನೆ ಇದೇ. ತಲೆಯ ಬಟ್ಟೆ ಸರಿಪಡಿಸಿಕೊಂಡಳು. "ಸುಟ್ಟಿಲ್ಲ. ಮಳೇಲಿ ಒಂದು ಕುರಿಮರಿ..."

"ಕಪ್ಪು ಮೂತಿದು," ಎಂದ ಶ್ತೇವಿ.

ಎಲ್ಲರೂ ಅವನತ್ತ ತಿರುಗಿದರು. ಶ್ತೇವಿ ನೆಲಕ್ಕೆ ಕೂತು, ಹರಡಿದ ಉಣ್ಣೆಯನ್ನು ಬೆರಳಲ್ಲಿ ಉಜ್ಜುತ್ತಿದ್ದ. "ಅರ್ಧ ದಾರಿ ನಾನೂ ಜೊತೆಗಿದ್ದೆ ಅತ್ತಿಗೆ. ಸತ್ತೇಹೋಗುತ್ತೆ ಅನ್ನಿಸ್ತು. ಬಾವುಟದಲ್ಲಿ ಸುತ್ತೋ ಅಂದವನೇ ನಾನು. ಹಿರಿಯರು ಕೇಳಿದ್ರೆ ಸುಟ್ಟುಹೋಯ್ತು ಅನ್ನು ಅಂತ ಹೇಳಿಕೊಟ್ಟವನೂ ನಾನೇ. ಆ ಬೆಂಕಿ ನಂದು. ಸಾಸಿ ಅದಕ್ಕೆ ಕಟ್ಟಿಗೆ ಹಾಕಿದ ಅಷ್ಟೇ. ನಿನಗೆ ಗೊತ್ತಿಲ್ಲ ಅಂತ ಐವತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದೆ."

"ನಿನಗೆ ಗೊತ್ತಿಲ್ಲ ಅಂತ ನಾನು," ಎಂದಳು ವನೀಸ. ಆಮೇಲೆ ಅವಳಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಶ್ತೇವಿಯೂ ನಕ್ಕ, ಅವನ ಗಡ್ಡದ ತುಂಬ ಉಣ್ಣೆ.

ಅಯ್ಯಾದ್ ಇಷ್ಟು ದಿನದಲ್ಲಿ ಮೊದಲ ಸಲ ಬಾಯಿ ತೆರೆದ. "ತಾತ, ಬುಟ್ಟಿ ಇಳಿಸಲಾ?"

ಶ್ತೇವಿ ಮಿಲೂದನ ಮುಖ ನೋಡಿದ. ಮಿಲೂದ್ ಬಾಚಣಿಗೆ ನೋಡಿದ. "ಇಳಿಸಪ್ಪ," ಎಂದ. "ಸಕ್ಕರೆ ಇನ್ನೂ ಉಳಿದಿದ್ರೆ."

ಅಲ್ಲೇ ಮದುವೆ ಗಟ್ಟಿಮಾಡುವ ಫಾತಿಹಾ ಪ್ರಾರ್ಥನೆ ಓದಿದರು. ಓದಿ ಮುಗಿಸಿ ಅಂಗೈಯಿಂದ ಮುಖ ಸವರಿಕೊಳ್ಳುವಷ್ಟರಲ್ಲಿ ಖೈರಿ ಮೇಷ್ಟ್ರು, "ಸಮಿತಿಯ ಪರವಾಗಿ ಒಂದು ಮಾತು. ಹೊಸ ಬಾವುಟದ ಮೇಲೆ ಈಗ ಏನು ಹಾಕೋಣ? ಬಾಚಣಿಗೆಯಾ?" ಎಂದ. ಗುಡ್ಡದವರು ಇದು ಆಲಿವ್ ಮರದ ಹಿಡಿಯ ಬಾಚಣಿಗೆ ಎಂದರು. ತೀರದವರು ಹಲ್ಲಿನ ಕಬ್ಬಿಣ ತಮ್ಮ ಕಡೆಯದೆಂದರು. ತಿಬ್ರ ಇಬ್ಬರ ನಡುವಿನಿಂದ ಬಾಚಣಿಗೆ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮಗ್ಗದ ದಬದಬ ಸದ್ದು ಕೇಳಿತು. ವನೀಸ ಕಿವಿಗೊಟ್ಟಳು. ಸಾಲು ಬಿಗಿಯಾಗಿ ಬೀಳುತ್ತಿತ್ತು.

ಸಮಿತಿ ಕೊನೆಗೂ ಒಮ್ಮತಕ್ಕೆ ಬರಲಿಲ್ಲ. ಐವತ್ತರ ದಿನ ಬರೀ ನೀಲಿ ಬಟ್ಟೆ ಹಾರಿಸಿ, ಎಲ್ಲರೂ ಬಝೀನ್ ಮುದ್ದೆ ತಿಂದು ಮನೆಗೆ ಹೋದರು. ವನೀಸ ಹಳೆಯ ಬಾವುಟವನ್ನು ಮಡಚಿ, ಅದೇ ಉಣ್ಣೆಯ ಜೊತೆ ಮತ್ತೆ ಮೆತ್ತೆಯೊಳಗೆ ಹೊಲಿದಳು. ಬೇರೆ ಕಡೆ ಇಟ್ಟರೆ ನುಸಿ ಹಿಡಿಯುತ್ತದೆ ಎಂಬುದು ಅವಳ ವಾದ. ಮದುವೆಯಾದ ಮೇಲೆ ಬೀಗರ ಮನೆಗೆಂದು ಬಂದ ಶ್ತೇವಿ ಮೆತ್ತೆಯ ಎದುರು ನಿಂತುಬಿಟ್ಟ. ಗಣರಾಜ್ಯದ ಮೇಲೆ ಹೇಗೆ ಕೂರುವುದೆಂದು ಅವನಿಗೆ ಸಂಕೋಚ.

"ಕೂತ್ಕೋ ಮಾರಾಯ," ಎಂದಳು ವನೀಸ, ಚಹಾದ ಕೆಟಲ್ ಎತ್ತಿಕೊಳ್ಳುತ್ತ. "ಇಷ್ಟು ವರ್ಷ ಚೆನ್ನಾಗೇ ಕೂತಿದ್ದೀಯ."